ವ್ಯಾಟ್ ಒಂದನ್ನೇ ನೋಡಿ ಆಂಪ್ಲಿಫೈಯರ್ ಕೊಳ್ಳಬೇಡಿ

ಸ್ಪೀಕರ್‌ಗೆ ಶಕ್ತಿ ಕೊಡುವ ಆಂಪ್ಲಿಫೈಯರ್ ಆರಿಸುವಾಗ ಬಹಳ ಜನ ಮೊದಲು ನೋಡುವುದು ವ್ಯಾಟ್. 50ಕ್ಕಿಂತ 60 ಜೋರು ಅನ್ನುವ ಲೆಕ್ಕ. ಆದರೆ ಸದ್ದನ್ನು ಅಳೆಯುವ ಡೆಸಿಬೆಲ್ ಲೆಕ್ಕದಲ್ಲಿ ಇವೆರಡರ ನಡುವೆ 1ರ ಅಂತರವೂ ಇಲ್ಲ, ಹಾಡು ಕೇಳುವಾಗ ಅದು ಗೊತ್ತಾಗುವುದೇ ಕಷ್ಟ. ವ್ಯಾಟ್ ಎರಡು ಪಟ್ಟಾದರೂ ಹೆಚ್ಚುವುದು ಬರೀ 3 ಡೆಸಿಬೆಲ್. ಸದ್ದು ಎರಡು ಪಟ್ಟು ಅನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್.

ಹಾಗಾಗಿ ಮೊದಲು ಓದಬೇಕಾದ್ದು ಸ್ಪೀಕರ್‌ನ ಸೆನ್ಸಿಟಿವಿಟಿ. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಸದ್ದು ಸಿಗುತ್ತದೆ ಅನ್ನುವ ಅಂಕಿ ಅದು. ಮನೆಯ ಸ್ಪೀಕರ್‌ಗಳಲ್ಲಿ ಸಾಮಾನ್ಯವಾಗಿ 84ರಿಂದ 90ರ ಆಸುಪಾಸು. ನೋಡಲು ಸಣ್ಣ ಅಂತರ, ಅಲ್ವಾ? ಆದರೆ 90ರ ಸ್ಪೀಕರ್ 25 ವ್ಯಾಟ್‌ನಲ್ಲಿ ಕೊಡುವ ಸದ್ದಿಗೆ 84ರದ್ದು 100 ವ್ಯಾಟ್ ಕೇಳುತ್ತದೆ.

87 ಡೆಸಿಬೆಲ್‌ನ ಒಂದು ಜೋಡಿ ಸ್ಪೀಕರ್ ಇಟ್ಟು 3 ಮೀಟರ್ ದೂರ ಕುಳಿತಿರಿ ಅಂದುಕೊಳ್ಳಿ. ಒಂದೊಂದಕ್ಕೆ 1 ವ್ಯಾಟ್ ಕೊಟ್ಟರೆ ಸುಮಾರು 80 ಡೆಸಿಬೆಲ್ ಸಿಗುತ್ತದೆ. ಮಾಮೂಲು ಮಾತುಕತೆ 60ರ ಹತ್ತಿರ, ಹಾಗಾಗಿ ಇದು ಜೋರೇ. ಹೌದು, ಮನೆಯಲ್ಲಿ ಹಾಡು ಕೇಳುವಾಗ ಹೆಚ್ಚು ಹೊತ್ತು ಖರ್ಚಾಗುವುದು 1 ವ್ಯಾಟ್‌ಗಿಂತ ಕಡಿಮೆ! ಉಳಿದ ವ್ಯಾಟ್ ಬೇಕಾಗುವುದು ಡ್ರಮ್‌ನ ಏಟಿನಂಥ ಕ್ಷಣಗಳಿಗೆ. ಅವು ಸರಾಸರಿ ಮಟ್ಟದಿಂದ 20 ಡೆಸಿಬೆಲ್ ಮೇಲೆ ಹಾರಬಹುದು. ಆ ಒಂದು ಕ್ಷಣಕ್ಕೆ ನೂರು ಪಟ್ಟು ವ್ಯಾಟ್ ಬೇಕು.

ಅಷ್ಟು ಕೊಡಲಾಗದ ಆಂಪ್ಲಿಫೈಯರ್ ಅಲೆಯ ತುದಿಯನ್ನು ಕತ್ತರಿಸಿಬಿಡುತ್ತದೆ. ಇದೇ ಕ್ಲಿಪ್ಪಿಂಗ್. ಕತ್ತರಿಸಿದ ಅಲೆಯಲ್ಲಿ ಹಾಡಿನಲ್ಲಿ ಇಲ್ಲದ ಕೀಚಲು ಸ್ವರಗಳು ಹುಟ್ಟುತ್ತವೆ. ವಾಲ್ಯೂಮ್ ಇನ್ನೂ ಏರಿಸಿದರೆ ಬೇಸ್ ಮೇಲೇರದೆ ನಿಲ್ಲುತ್ತದೆ, ಟ್ರೆಬಲ್ ಮಾತ್ರ ಏರುತ್ತಲೇ ಹೋಗುತ್ತದೆ. ಕೀಚಲು ಸ್ವರ ನುಡಿಸುವ ಪುಟ್ಟ ಸ್ಪೀಕರ್, ಅಂದರೆ ಟ್ವೀಟರ್‌ನ ಕಾಯಿಲ್ ಕೂದಲಿನಷ್ಟು ತೆಳ್ಳಗಿನ ತಂತಿ, ಸುಟ್ಟುಹೋಗುತ್ತದೆ. 100 ವ್ಯಾಟ್ ಅಂತ ಬರೆದ ಸ್ಪೀಕರ್ 40 ವ್ಯಾಟ್ ಆಂಪ್ಲಿಫೈಯರ್‌ನಿಂದ ಹಾಳಾಗುವುದು ಹೀಗೆ. ಸ್ಪೀಕರ್ ಮೇಲಿನ ವ್ಯಾಟ್ ಅದು ತಡೆದುಕೊಳ್ಳುವ ಮಿತಿ, ಸುಮ್ನೆ ಅಷ್ಟನ್ನೇ ಕೊಡಬೇಕು ಅಂತಲ್ಲ.

ಇನ್ನು ಓಮ್, ಅಂದರೆ ಸ್ಪೀಕರ್ ಕರೆಂಟ್‌ಗೆ ಒಡ್ಡುವ ತಡೆಯ ಅಳತೆ. 20 ವೋಲ್ಟ್‌ಗೆ 8 ಓಮ್ ಸ್ಪೀಕರ್ ಎಳೆಯುವುದು 2.5 ಆಂಪಿಯರ್, 4 ಓಮ್‌ನದು 5. ಆಂಪ್ಲಿಫೈಯರ್‌ನ ಪವರ್ ಸಪ್ಲೈ ಬಡವಾಗಿದ್ದರೆ ಇಲ್ಲೇ ಸುಸ್ತಾಗುತ್ತದೆ, ಬಿಸಿಯಾಗುತ್ತದೆ. ಸ್ಪೀಕರ್‌ನ ಓಮ್ ಕೂಡ ಸ್ವರಕ್ಕೆ ತಕ್ಕಂತೆ ಏರಿಳಿಯುತ್ತದೆ. 8 ಓಮ್ ಅಂತ ಬರೆದದ್ದು 6.4ಕ್ಕಿಂತ ಕೆಳಗಿಳಿಯಬಾರದು ಅನ್ನುವುದು ಅಂತರರಾಷ್ಟ್ರೀಯ ಮಾನದಂಡ, ಎಲ್ಲರೂ ಪಾಲಿಸುವುದಿಲ್ಲ. ಇನ್ನೊಂದು ಜಾಣತನವೂ ಇದೆ: ಸೆನ್ಸಿಟಿವಿಟಿಯನ್ನು 1 ವ್ಯಾಟ್ ಬದಲು 2.83 ವೋಲ್ಟ್‌ಗೆ ಬರೆಯುವುದು. 8 ಓಮ್‌ನಲ್ಲಿ ಎರಡೂ ಒಂದೇ. 4 ಓಮ್‌ನಲ್ಲಿ ಅದು 2 ವ್ಯಾಟ್, ಹಾಗಾಗಿ ಅಲ್ಲಿ ಬರೆದ 88 ಅನ್ನು 85 ಅಂತ ಓದಿಕೊಳ್ಳಿ.

ಆಂಪ್ಲಿಫೈಯರ್ 8 ಓಮ್‌ಗೆ 50, 4 ಓಮ್‌ಗೆ 90 ವ್ಯಾಟ್ ಕೊಟ್ಟರೆ ಗಟ್ಟಿ ಅಂತ ಅರ್ಥ. 4 ಓಮ್‌ನ ಅಂಕಿಯನ್ನೇ ಬರೆಯದಿದ್ದರೆ ನನಗಂತೂ ಅನುಮಾನ.

ಗಾಜಿನ ಟ್ಯೂಬ್ ಬಳಸುವ ಹಳೇ ಬಗೆಯ ವಾಲ್ವ್ ಆಂಪ್ಲಿಫೈಯರ್ ಇಷ್ಟಪಡುವವರಿಗೆ 8 ವ್ಯಾಟ್ ಕೂಡ ಸಾಕಾಗಬಹುದು, ಸ್ಪೀಕರ್ 97 ಡೆಸಿಬೆಲ್‌ನದ್ದಾಗಿದ್ದರೆ. ಅದೇ ಸದ್ದಿಗೆ 87ರ ಸ್ಪೀಕರ್ 80 ವ್ಯಾಟ್ ಬೇಡುತ್ತದೆ.