ಹಿಮಕ್ಕೆ ಮುಂಚಿನ ಊಟ

ನಾವು ನವರಾತ್ರಿಗೆ ಗೊಂಬೆ ಕೂರಿಸುವ ಹೊತ್ತಿಗೆ, ಅಮೆರಿಕದ ಪೂರ್ವ ಭಾಗದಲ್ಲಿ ಹೂಗಳ ಕಾಲ ಮುಗಿಯುತ್ತಾ ಬಂದಿರುತ್ತದೆ. ಆಗ ರಸ್ತೆ ಬದಿಯಲ್ಲಿ, ತೇವದ ಹುಲ್ಲುಗಾವಲಿನಲ್ಲಿ ಆಳೆತ್ತರದ ಗಿಡವೊಂದು ಮೈತುಂಬ ನೇರಳೆ ಹೂ ಬಿಡುತ್ತದೆ. ಅದೇ ನ್ಯೂ ಇಂಗ್ಲೆಂಡ್ ಆಸ್ಟರ್. ನಮ್ಮ ಮಾರುಕಟ್ಟೆಗೆ ಬರುವ ಆಸ್ಟರ್ ಚೀನಾ ಮೂಲದ್ದು, ಇದು ಬೇರೆ. ಆದರೆ ಎರಡೂ ಸೇವಂತಿಗೆ, ಸೂರ್ಯಕಾಂತಿಯ ಬಳಗದವೇ.

ಇದರ ಒಂದು ಹೂ ನಿಜಕ್ಕೂ ಒಂದಲ್ಲ, ಪುಟಾಣಿ ಹೂಗಳ ಗೊಂಚಲು. ನಾವು ಎಸಳು ಅಂದುಕೊಳ್ಳುವ 40ಕ್ಕೂ ಹೆಚ್ಚು ನೇರಳೆ ಪಟ್ಟಿಗಳಲ್ಲಿ ಒಂದೊಂದೂ ಒಂದು ಹೂವು. ನಡುವಿನ ಹಳದಿ ಬಟ್ಟಲಿನಲ್ಲಿ ಇನ್ನೂ ಹತ್ತಾರು ಇರುತ್ತವೆ. ಅವು ಅಂಚಿನಿಂದ ನಡುವಿನ ಕಡೆಗೆ ಸರದಿಯಲ್ಲಿ ಅರಳುತ್ತವೆ. ಹಾಗಾಗಿ ಒಮ್ಮೆ ಕೂತ ಜೇನಿಗೆ ಒಂದೇ ಕಡೆ ಎಷ್ಟೋ ಗುಟುಕು ಸಿಗುತ್ತದೆ.

ಈ ಗುಟುಕು ಯಾರಿಗೆ ಬೇಕು? ಮುಖ್ಯವಾಗಿ ಬಂಬಲ್‌ಬೀ ರಾಣಿಗೆ. ಮೈತುಂಬ ರೋಮವಿರುವ ಈ ದಪ್ಪ ಜೇನುಗಳು ಚಳಿಗಾಲಕ್ಕೆ ಸಾಲುವಷ್ಟು ಜೇನು ಕೂಡಿಡುವುದಿಲ್ಲ. ಹಳೆಯ ರಾಣಿ, ಕೆಲಸಗಾರ ಜೇನು, ಗಂಡು ಜೇನು ಎಲ್ಲವೂ ಚಳಿಗೆ ಮುಂಚೆಯೇ ಸಾಯುತ್ತವೆ. ಉಳಿಯುವುದು ಆ ವರ್ಷ ಹುಟ್ಟಿದ ಹೊಸ ರಾಣಿಯರು ಮಾತ್ರ. ಅವರು ಮೈಯಲ್ಲಿ ಕೊಬ್ಬು ತುಂಬಿಕೊಂಡು, ಮಣ್ಣೊಳಗೆ ಒಬ್ಬೊಬ್ಬರೇ ತಿಂಗಳುಗಟ್ಟಲೆ ಮಲಗಬೇಕು. ಸೆಪ್ಟೆಂಬರ್‌ನಲ್ಲಿ ಹೂವಿಲ್ಲದಿದ್ದರೆ ಮುಂದಿನ ವಸಂತಕ್ಕೆ ಗೂಡೂ ಇಲ್ಲ, ಅಲ್ವಾ? ಸಾವಿರಾರು ಕಿಲೋಮೀಟರ್ ದೂರದ ಮೆಕ್ಸಿಕೋಗೆ ಹಾರುವ ಮೊನಾರ್ಕ್ ಚಿಟ್ಟೆಗಳೂ ದಾರಿಯಲ್ಲಿ ಇಂಥ ಹೂಗಳ ಮೇಲೆ ಇಳಿಯುತ್ತವೆ. ಆಗ ಕುಡಿದ ಮಕರಂದವೇ ಕೊಬ್ಬಾಗಿ ಅವುಗಳ ಚಳಿಗಾಲ ಕಳೆಸುತ್ತದೆ.

ನ್ಯೂಜೆರ್ಸಿ, ಮಿಶಿಗನ್ ಕಡೆ ಮನೆ ಮಾಡಿರುವ ಕನ್ನಡಿಗರು ಹಿತ್ತಲಲ್ಲಿ ಇದಕ್ಕೊಂದು ಬಿಸಿಲಿನ ಮೂಲೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಸಸಿ ಕೊಳ್ಳುವಾಗ ಕಾಡು ಗಿಡವನ್ನೇ ಕೇಳಿ. ಎಸಳು ಜಾಸ್ತಿ ಇರುವ ತಳಿ ಕಣ್ಣಿಗೆ ಚೆಂದ, ಆದರೆ ಅದರಲ್ಲಿ ನಡುವಿನ ಹಳದಿ ಹೂಗಳ ಜಾಗವನ್ನು ಎಸಳೇ ತಿಂದುಬಿಟ್ಟಿರುತ್ತದೆ. ಚೆಂಡುಹೂವಿನ ಗಿಡಕ್ಕೆ ಮಾಡುವ ಹಾಗೆ ಜೂನ್‌ನಲ್ಲಿ ಕುಡಿ ಚಿವುಟಿದರೆ ಗಿಡ ಪೊದೆಯಾಗಿ ನಿಲ್ಲುತ್ತದೆ, ಬಾಗುವುದಿಲ್ಲ. ಜುಲೈ ದಾಟಿದ ಮೇಲೆ ಚಿವುಟಬೇಡಿ, ಮೊಗ್ಗೇ ಹೋಗುತ್ತದೆ.

ಬೀಜದಿಂದ ಬೆಳೆಸುವುದಾದರೆ ನವೆಂಬರ್‌ನಲ್ಲಿ ಮಣ್ಣಿನ ಮೇಲೆ ಸುಮ್ನೆ ಉದುರಿಸಿ, ಮುಚ್ಚಬೇಡಿ. ಮೊಳೆಯಲು ಬೆಳಕು ಬೇಕು, ವಾರಗಟ್ಟಲೆ ಒದ್ದೆ ಚಳಿಯೂ ಬೇಕು. ಆ ಕೆಲಸವನ್ನು ಹಿಮ ಮಾಡುತ್ತದೆ. ಅಷ್ಟೂ ದಿನ ಅದೇ ತೋಟದ ಮಣ್ಣಿನೊಳಗೆ ರಾಣಿಯೂ ಮಲಗಿರಬಹುದು. ಅಲ್ಲಿ ಅಗೆಯಬೇಡಿ.