ಹಠಮಾರಿ ಪ್ಲೇಯರ್‌ಗೆ ವಿಡಿಯೋ ಒಗ್ಗಿಸುವುದು

ಮೊಬೈಲಿನಲ್ಲಿ ತೆಗೆದ ವಿಡಿಯೋವನ್ನು ಮೊದಲ ಸಲ ಡಿವಿಡಿಗೆ ಹಾಕಿದಾಗ ನಾನು ಮಾಡಿದ್ದು ಇಷ್ಟೇ. ಎಂಪಿ4 ಫೈಲನ್ನು ಎಳೆದು ಡಿಸ್ಕಿಗೆ ಬಿಟ್ಟೆ, ಬರ್ನ್ ಒತ್ತಿದೆ. ಪ್ಲೇಯರ್ ಡಿಸ್ಕನ್ನು ನುಂಗಿತು, ಗರಗರ ತಿರುಗಿಸಿತು, ಆಮೇಲೆ ಇದೇನೋ ನನಗೆ ಗೊತ್ತಿಲ್ಲ ಎಂದು ಉಗುಳಿತು. ಫೈಲಿನ ಹೆಸರಿನ ಬಾಲ ಬದಲಿಸಿ ಡಿವಿಡಿಯ ಫೈಲುಗಳಿಗಿರುವ ‘ವಿಒಬಿ’ ಎಂದು ಬರೆದೂ ನೋಡಿದೆ. ಡಬ್ಬಿಯ ಮೇಲಿನ ಚೀಟಿ ಬದಲಾಯಿಸಿದರೆ ಒಳಗಿನ ಸಾಮಾನು ಬದಲಾಗುತ್ತಾ?

ಪ್ಲೇಯರ್‌ನದು ತಪ್ಪಲ್ಲ. ಡಿವಿಡಿಯ ನಿಯಮಗಳ ಬಗ್ಗೆ ಕಂಪನಿಗಳು ಒಪ್ಪಿಕೊಂಡಿದ್ದು 1995ರಲ್ಲಿ. ಮೊದಲ ಪ್ಲೇಯರ್‌ಗಳು ಜಪಾನಿನಲ್ಲಿ ಮಾರಾಟಕ್ಕೆ ಬಂದಿದ್ದು 1996ರ ನವೆಂಬರಿನಲ್ಲಿ. ವಿಡಿಯೋ ಕುಗ್ಗಿಸಲು ಮೊಬೈಲುಗಳು ಬಳಸುವ ಎಚ್.264 ಎಂಬ ವಿಧಾನ ಬಂದಿದ್ದು 2003ರಲ್ಲಿ. ಹಳೆಯ ಪ್ಲೇಯರ್‌ನ ಚಿಪ್‌ಗೆ ಎಂಪೆಗ್-2 ಎಂಬ ಹಳೆಯ ವಿಧಾನ ಗೊತ್ತು, ಅದಕ್ಕಿಂತ ಹಳೆಯ ಎಂಪೆಗ್-1 ಗೊತ್ತು, ಅಷ್ಟೇ. ಹೊಸದನ್ನು ಅದಕ್ಕೆ ಕಲಿಸಲು ದಾರಿಯಿಲ್ಲ. ಹಾಗಾಗಿ ಬಗ್ಗಬೇಕಾದದ್ದು ನಮ್ಮ ವಿಡಿಯೋ.

ಎಷ್ಟು ಬಗ್ಗಬೇಕು? ಪಾಲ್ ಎಂಬ ಟಿವಿ ಪದ್ಧತಿಯಲ್ಲಾದರೆ ಚಿತ್ರ 720 x 576 ಚುಕ್ಕಿ, ಸೆಕೆಂಡಿಗೆ 25 ಫ್ರೇಮ್, ಅಂದರೆ ಬಿಡಿ ಚಿತ್ರ. ಎನ್‌ಟಿಎಸ್‌ಸಿ ಎಂಬ ಇನ್ನೊಂದು ಪದ್ಧತಿಯಲ್ಲಾದರೆ 720 x 480, ಸೆಕೆಂಡಿಗೆ 29.97. ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆದಿರಬೇಕು. ಆಡಿಯೋ ಸಿಡಿಯ 44,100 ನಡೆಯಲ್ಲ. ಎಂಪಿ3 ಅಂತೂ ಬೇಡವೇ ಬೇಡ, ಧ್ವನಿ ಎಸಿ-3 ಅಥವಾ ಪಿಸಿಎಂ ರೂಪದಲ್ಲಿರಬೇಕು. ಇದೆಲ್ಲ ಆದ ಮೇಲೂ ಫೈಲನ್ನು ತುಂಡು ಮಾಡಿ, ಎಲ್ಲಿ ಏನಿದೆ ಎಂದು ಹೇಳುವ ಪುಟ್ಟ ಫೈಲುಗಳ ಜೊತೆ ಒಂದು ನಿಗದಿತ ಫೋಲ್ಡರಿನಲ್ಲಿ ಜೋಡಿಸಬೇಕು. ಆಥರಿಂಗ್ ಎನ್ನುವುದು ಇದಕ್ಕೇ. ಆ ಕೆಲಸವನ್ನು ತಂತ್ರಾಂಶವೇ ಮಾಡಿಕೊಳ್ಳುತ್ತದೆ, ಬಿಡಿ.

ಕುತೂಹಲದ ವಿಷಯ ಚುಕ್ಕಿಗಳದ್ದು. 720 x 576 ಎಂದರೆ ಅಗಲ ಪರದೆಯ 16:9 ಅಲ್ಲ, ಹಳೆಯ ಟಿವಿಯ 4:3 ಕೂಡ ಅಲ್ಲ! ಡಿವಿಡಿಯ ಚುಕ್ಕಿಗಳು ಚೌಕವಲ್ಲ. ಅಗಲ ಪರದೆಯ ಚಿತ್ರವನ್ನು ಅಡ್ಡಕ್ಕೆ ಹಿಸುಕಿ ಆ 720ರೊಳಗೆ ತುಂಬಿರುತ್ತಾರೆ. ಜೊತೆಗೆ ‘ಇದು 16:9’ ಎಂಬ ಒಂದು ಗುರುತು. ಆ ಗುರುತು ನೋಡಿ ಪರದೆಯ ಮೇಲೆ ಚಿತ್ರವನ್ನು 1024 ಚುಕ್ಕಿಯಷ್ಟು ಅಗಲಕ್ಕೆ ಹಿಗ್ಗಿಸಲಾಗುತ್ತದೆ. ಗುರುತು ತಪ್ಪಿ 4:3 ಎಂದಾದರೆ ಎಲ್ಲರೂ ಏಕಾಏಕಿ ಸಣಕಲಾಗಿ ಉದ್ದವಾಗುತ್ತಾರೆ. ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ ವಿಡಿಯೋದ ಪಾಡು ಇನ್ನೂ ಕಷ್ಟ. 1080 x 1920ರ ಚಿತ್ರವನ್ನು ಅಗಲ ಪರದೆಯೊಳಗೆ ನಿಲ್ಲಿಸಿದರೆ 720 ಚುಕ್ಕಿಗಳ ಅಗಲದಲ್ಲಿ ಅದಕ್ಕೆ ಸಿಗುವುದು ಸುಮಾರು 228. ಉಳಿದದ್ದೆಲ್ಲ ಎರಡೂ ಬದಿಯ ಕಪ್ಪು.

ಇನ್ನು ಫಿಲ್ಟರ್‌ಗಳು. ಹೆಸರು ಕೇಳಿ ಮುಖಕ್ಕೆ ಹೊಳಪು ಕೊಡುವ ಫಿಲ್ಟರ್ ಎಂದುಕೊಳ್ಳಬೇಡಿ. ಇಲ್ಲಿ ಫಿಲ್ಟರ್ ಎಂದರೆ ಪ್ರತಿ ಫ್ರೇಮನ್ನೂ ಹಿಡಿದು ಲೆಕ್ಕ ಹಾಕಿ ತಿದ್ದಿ ಮುಂದಕ್ಕೆ ಬಿಡುವ ಕಟ್ಟೆ. ಒಂದರ ಹಿಂದೆ ಒಂದು ಸಾಲಾಗಿ ನಿಲ್ಲಿಸಬಹುದು. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದರಲ್ಲೇ ಮುಕ್ಕಾಲು ಪಾಲು ಯಡವಟ್ಟು ಆಗುವುದು.

ಹಳೆಯ ಟೇಪ್ ಕ್ಯಾಮೆರಾದ ಚಿತ್ರವನ್ನೇ ತೆಗೆದುಕೊಳ್ಳಿ. ಅದರಲ್ಲಿ 576 ಗೆರೆಗಳೂ ಒಂದೇ ಕ್ಷಣದವಲ್ಲ. ಮೊದಲು ಒಂದು ಬಿಟ್ಟು ಒಂದು 288 ಗೆರೆ, ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲೆ ನಡುವಿನ 288 ಗೆರೆ. ಒಂದೊಂದು ಕಂತಿಗೂ ಫೀಲ್ಡ್ ಎನ್ನುತ್ತಾರೆ. ಯಾರಾದರೂ ಕೈ ಬೀಸುವಾಗ ಫ್ರೇಮನ್ನು ನಿಲ್ಲಿಸಿ ನೋಡಿ, ಕೈಯ ಅಂಚು ಬಾಚಣಿಗೆಯ ಹಲ್ಲಿನ ಹಾಗೆ ಕಾಣುತ್ತದೆ. ಈ ಎರಡು ಕ್ಷಣಗಳನ್ನು ಬಿಡಿಸುವ ಫಿಲ್ಟರ್ ಡಿಇಂಟರ್‌ಲೇಸ್. ಬಿಡಿಸದೆ ಮೊದಲೇ ಎತ್ತರ ಕುಗ್ಗಿಸಿದಿರೋ, ಎರಡೂ ಕ್ಷಣಗಳ ಗೆರೆ ಕಲಸಿಹೋಗುತ್ತವೆ. ಆಮೇಲೆ ಯಾವ ಫಿಲ್ಟರ್ ಬಂದರೂ ಬೇರ್ಪಡಿಸಲಾರದು.

ಹಾಗಂತ ಕಂಡದ್ದನ್ನೆಲ್ಲ ಡಿಇಂಟರ್‌ಲೇಸ್ ಮಾಡುವುದೂ ಸರಿಯಲ್ಲ. ಟೇಪು 576 ಗೆರೆಯದ್ದು, ಡಿವಿಡಿಯೂ 576 ಗೆರೆಯದ್ದು, ಫೀಲ್ಡುಗಳನ್ನು ಹಾಗೇ ಇಟ್ಟುಕೊಳ್ಳಲು ಡಿವಿಡಿಗೆ ಬರುತ್ತದೆ. ಸುಮ್ನೆ ಬಿಟ್ಟರೆ ಸೆಕೆಂಡಿಗೆ 50 ಕ್ಷಣಗಳೂ ಉಳಿಯುತ್ತವೆ, ಚಲನೆ ನುಣ್ಣಗಿರುತ್ತದೆ. ಆದರೆ ಒಂದು ಗಂಟು ಇದೆ. ಡಿವಿ ಎಂಬ ಡಿಜಿಟಲ್ ಟೇಪಿನಲ್ಲಿ ಕೆಳಗಿನ ಫೀಲ್ಡ್, ಅಂದರೆ ಎರಡನೇ ಗೆರೆಯಿಂದ ಶುರುವಾಗುವ ಕಂತು, ಮೊದಲು. ಡಿವಿಡಿಯಲ್ಲಿ ಸಾಮಾನ್ಯವಾಗಿ ಮೇಲಿನದ್ದು ಮೊದಲು. ಸರದಿ ಅದಲುಬದಲಾದರೆ ನಡೆಯುವ ಮನುಷ್ಯ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎನ್ನುವಂತೆ ನಡುಗುತ್ತಾನೆ.

ನನಗೆ ತುಂಬಾ ಇಷ್ಟವಾದ ಫಿಲ್ಟರ್ ಡಿನಾಯ್ಸ್. ಮಬ್ಬು ಬೆಳಕಿನಲ್ಲಿ ತೆಗೆದ ಚಿತ್ರದ ಗೋಡೆಯನ್ನು ಹತ್ತಿರದಿಂದ ನೋಡಿ. ಇರುವೆ ಮುತ್ತಿದ ಹಾಗೆ ಚುಕ್ಕಿಗಳು ಮಿಸುಕಾಡುತ್ತಿರುತ್ತವೆ. ಗೋಡೆ ಅಲುಗಾಡುವುದಿಲ್ಲ, ಚುಕ್ಕಿಗಳು ಮಾತ್ರ ಪ್ರತಿ ಫ್ರೇಮಿಗೂ ಮನಸ್ಸಿಗೆ ಬಂದಂತೆ ಬದಲಾಗುತ್ತವೆ. ನಾಲ್ಕು ಫ್ರೇಮಿನ ಸರಾಸರಿ ತೆಗೆದರೆ ಗೋಡೆ ಹಾಗೇ ಉಳಿದು ಚುಕ್ಕಿಗಳ ಆಟ ಅರ್ಧಕ್ಕೆ ಇಳಿಯುತ್ತದೆ. ಒಂಬತ್ತರದ್ದು ತೆಗೆದರೆ ಮೂರನೇ ಒಂದಕ್ಕೆ. ಲಾಭ ಕಣ್ಣಿಗಷ್ಟೇ ಅಲ್ಲ. ಎಂಪೆಗ್-2 ಜಾಗ ಉಳಿಸುವುದೇ ಹಿಂದಿನ ಫ್ರೇಮ್ ನೋಡಿ ಮುಂದಿನದನ್ನು ಊಹಿಸಿ. ಗೋಡೆಯನ್ನು ಊಹಿಸಬಹುದು, ಇರುವೆಗಳನ್ನು ಊಹಿಸಲಾಗದು. ಆ ಕೊಳೆಯನ್ನೆಲ್ಲ ಅದು ಪ್ರತಿ ಸಲವೂ ಹೊಸದಾಗಿ ಬರೆದಿಡಬೇಕು.

ಅದಕ್ಕೆಲ್ಲಿದೆ ಜಾಗ? ಎರಡು ಗಂಟೆಯ ಪಾಲ್ ಚಿತ್ರವನ್ನು ಒತ್ತಿ ಕುಗ್ಗಿಸದೆ ಹಾಗೇ ಇಟ್ಟರೆ ಸುಮಾರು 112 ಜಿಬಿ ಬೇಕು. ಒಂದು ಪದರದ ಡಿಸ್ಕಿನಲ್ಲಿರುವುದು 4.7. ಲೆಕ್ಕ ಹಾಕಿದರೆ ಚಿತ್ರ, ಧ್ವನಿ ಎಲ್ಲ ಸೇರಿ ಸೆಕೆಂಡಿಗೆ 5.2 ಮೆಗಾಬಿಟ್ ಸಿಗುತ್ತದೆ. ಅರ್ಧ ಗಂಟೆಯ ವಿಡಿಯೋ ಆದರೆ ಜಾಗ ಧಾರಾಳ. ಆದರೂ ಚಿತ್ರಕ್ಕೆ 9.8 ಮೆಗಾಬಿಟ್ ದಾಟುವಂತಿಲ್ಲ, ಪ್ಲೇಯರ್ ಓದುವ ವೇಗಕ್ಕೆ ನಿಯಮ ಹಾಕಿದ ಮಿತಿ ಅದು.

ಡಿನಾಯ್ಸ್ ಜಾಸ್ತಿಯಾದರೆ ಮುಖಗಳು ಮೇಣದ ಬೊಂಬೆಯಾಗುತ್ತವೆ, ಚಲಿಸುವ ಕೈಯ ಹಿಂದೆ ನೆರಳು ಎಳೆದಂತಾಗುತ್ತದೆ. ಹಾಗಾಗಿ ಸ್ವಲ್ಪವೇ ಹಾಕುತ್ತೇನೆ. ಅಂಚು ಚೂಪು ಮಾಡುವ ಶಾರ್ಪನ್ ಬೇಕೇ ಬೇಕಿದ್ದರೆ ಎಲ್ಲಕ್ಕಿಂತ ಕೊನೆಗೆ. ಅದನ್ನು ಡಿನಾಯ್ಸ್‌ಗೆ ಮೊದಲೇ ಇಟ್ಟರೆ ಇರುವೆಗಳೇ ಚೂಪಾಗುತ್ತವೆ.

ಮೊಬೈಲ್ ವಿಡಿಯೋದಲ್ಲಿ ಇನ್ನೊಂದು ಕಿರಿಕ್ ಇದೆ. ಬೆಳಕು ಕಡಿಮೆಯಾದಾಗ ಕೆಲವು ಮೊಬೈಲುಗಳು ತಾವೇ ಫ್ರೇಮುಗಳ ವೇಗ ಇಳಿಸುತ್ತವೆ. ಇದನ್ನು ಗಮನಿಸದ ತಂತ್ರಾಂಶಕ್ಕೆ ಕೊಟ್ಟರೆ ಮೊದಲ ಐದು ನಿಮಿಷ ಎಲ್ಲ ಸರಿ, ಅರ್ಧ ಗಂಟೆಯ ಹೊತ್ತಿಗೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಮೊದಲೇ ಸ್ಥಿರ 25ಕ್ಕೆ ತಂದುಕೊಂಡರೆ ಈ ಕಾಟ ಇರುವುದಿಲ್ಲ.

ಕೊನೆಗೆ ಪರೀಕ್ಷೆ. ಕಂಪ್ಯೂಟರಿನಲ್ಲಿ ನೋಡಿ ಸರಿಯಿದೆ ಎಂದುಕೊಂಡರೆ ಮೋಸ ಹೋಗುತ್ತೀರಿ. ಫೀಲ್ಡುಗಳ ಸರದಿ ತಪ್ಪಿದ್ದು ಅಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ಟಿವಿಗೆ ಹಾಕಿದಾಗ ತಾನಾಗಿ ಗೊತ್ತಾಗುತ್ತದೆ. ಅದಕ್ಕೇ ಅಳಿಸಿ ಬರೆಯಬಹುದಾದ ಒಂದು ಡಿಸ್ಕನ್ನು ಪರೀಕ್ಷೆಗೆಂದೇ ಇಟ್ಟುಕೊಂಡಿದ್ದೇನೆ. ಒಂದೇ ತಕರಾರು, ಅಂಥ ಡಿಸ್ಕುಗಳು ಲೇಸರ್ ಬೆಳಕನ್ನು ಕಡಿಮೆ ಹಿಂತಿರುಗಿಸುತ್ತವೆ. ಕೆಲವು ಹಳೆಯ ಪ್ಲೇಯರ್‌ಗಳು ಅದನ್ನೂ ಗೊತ್ತಿಲ್ಲ ಎಂದು ಉಗುಳುತ್ತವೆ.