ಒಂದು ಡಾಕ್, ಎರಡು ಮಾನಿಟರ್: ಲೇನ್‌ಗಳ ಲೆಕ್ಕ

ಲ್ಯಾಪ್‌ಟಾಪಿನ ಒಂದೇ ಪೋರ್ಟಿಗೆ ಮಾನಿಟರ್, ಕೀಬೋರ್ಡ್ ಎಲ್ಲ ಜೋಡಿಸಿಕೊಡುವ ಪೆಟ್ಟಿಗೆಯೇ ಡಾಕಿಂಗ್ ಸ್ಟೇಷನ್, ಚಿಕ್ಕದಾಗಿ ಡಾಕ್. ಅದರ ಬೆನ್ನಿಗೆ ಎರಡು ಎಚ್‌ಡಿಎಂಐ, ಒಂದು ಡಿಸ್‌ಪ್ಲೇಪೋರ್ಟ್ ಇದ್ದರೆ ಮೂರು ಮಾನಿಟರ್ ಧಾರಾಳವಾಗಿ ನಡೆಯುತ್ತವೆ ಅನ್ನಿಸುತ್ತದೆ. ನಾನೂ ಹಾಗೇ ಅಂದುಕೊಂಡು ಮೊದಲು ಒಂದು 4ಕೆ ಮಾನಿಟರ್ ಸಿಕ್ಕಿಸಿದೆ. ಚಿತ್ರವೇನೋ ಬಂತು, ಆದರೆ ಮೌಸ್ ಸರಿಸಿದರೆ ಬಾಣ ಅಂಟಿನಲ್ಲಿ ಸಿಕ್ಕಿಕೊಂಡಂತೆ ತಡೆದು ತಡೆದು ಹೋಗುತ್ತಿತ್ತು. ವಿಂಡೋಸ್‌ನ ಅಡ್ವಾನ್ಸ್‌ಡ್ ಡಿಸ್‌ಪ್ಲೇ ತೆರೆದು ನೋಡಿದರೆ ರಿಫ್ರೆಶ್ ರೇಟ್ 30 ಹರ್ಟ್ಸ್, ಅಂದರೆ ಸೆಕೆಂಡಿಗೆ 30 ಸಲ ಮಾತ್ರ ಹೊಸ ಚಿತ್ರ. ಪಕ್ಕದಲ್ಲಿ ಹಳೆಯ ಫುಲ್ ಎಚ್‌ಡಿ ಮಾನಿಟರನ್ನೂ ಜೋಡಿಸಿದೆ. ಅದರಲ್ಲಿ ‘ನೋ ಸಿಗ್ನಲ್’. ಡಾಕ್ ಕೆಟ್ಟಿದೆ ಎಂದು ವಾಪಸ್ ಕಳಿಸುವುದರಲ್ಲಿದ್ದೆ. ಕೂತು ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು, ಯಾವುದೂ ಕೆಟ್ಟಿರಲಿಲ್ಲ.

ಸಾಮಾನ್ಯ ಯುಎಸ್‌ಬಿ-ಸಿ ಡಾಕ್ ತಾನಾಗಿ ಚಿತ್ರ ಹುಟ್ಟಿಸುವುದಿಲ್ಲ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ ಕೊಟ್ಟದ್ದನ್ನು ಹಂಚುತ್ತದೆ, ಅಷ್ಟೆ. ತೂಬಿನಲ್ಲಿ ಬರುವ ನೀರೇ ಇಷ್ಟು ಎಂದಾದ ಮೇಲೆ ಕೆಳಗೆ ಎಷ್ಟು ಕಾಲುವೆ ತೋಡಿದರೇನು?

ಈಗ ತೂಬಿನ ಅಳತೆ. ಯುಎಸ್‌ಬಿ-ಸಿ ಪೋರ್ಟಿನಲ್ಲಿ ವೇಗದ ದಾರಿಗಳು, ಅಂದರೆ ಲೇನ್‌ಗಳು, ನಾಲ್ಕು. ನಾಲ್ಕನ್ನೂ ಚಿತ್ರಕ್ಕೆ ಬಿಡಬಹುದು. ಆದರೆ ಪೆನ್‌ಡ್ರೈವ್, ನೆಟ್‌ವರ್ಕ್ ಎಲ್ಲ ಯುಎಸ್‌ಬಿ 3 ವೇಗದಲ್ಲಿ ಓಡಬೇಕೆಂದರೆ ಎರಡು ಲೇನ್ ಅದಕ್ಕೇ ಹೋಗುತ್ತವೆ, ಚಿತ್ರಕ್ಕೆ ಉಳಿಯುವುದು ಎರಡೇ. ಡಿಸ್‌ಪ್ಲೇಪೋರ್ಟ್ 1.2ರಲ್ಲಿ ಒಂದು ಲೇನ್ ಸೆಕೆಂಡಿಗೆ 5.4 ಗಿಗಾಬಿಟ್ ಒಯ್ಯುತ್ತದೆ. ಪ್ರತಿ 8 ಬಿಟ್ ಮಾಹಿತಿಯನ್ನು 10 ಬಿಟ್ ಮಾಡಿ ಕಳಿಸುವುದರಿಂದ ಐದರಲ್ಲೊಂದು ಭಾಗ ಖರ್ಚು, ಕೈಗೆ ಸಿಗುವುದು 4.32. ಎರಡು ಲೇನ್‌ಗೆ 8.64. ಡಿಸ್‌ಪ್ಲೇಪೋರ್ಟ್ 1.4 ಆದರೆ ಲೇನ್ ಒಂದಕ್ಕೆ 8.1, ಎರಡರಿಂದ ನಿವ್ವಳ 12.96.

ಮಾನಿಟರ್ ಎಷ್ಟು ಕುಡಿಯುತ್ತದೆ ಎಂಬುದನ್ನು ಕಾಗದದ ಮೇಲೆ ಒಮ್ಮೆ ನೀವೇ ಗುಣಿಸಿ ನೋಡಿ:

1920 × 1080 × 60 × 24 = ಸುಮಾರು 3 ಗಿಗಾಬಿಟ್

60 ಅಂದರೆ ಸೆಕೆಂಡಿಗೆ ಅಷ್ಟು ಸಲ ಹೊಸ ಚಿತ್ರ, 24 ಅಂದರೆ ಒಂದು ಪಿಕ್ಸೆಲ್‌ನ ಬಣ್ಣಕ್ಕೆ ಬೇಕಾದ ಬಿಟ್‌ಗಳು. ಸಾಲು ಸಾಲಿನ ನಡುವಿನ ಖಾಲಿ ಸಮಯವನ್ನೂ ಸೇರಿಸಿದರೆ 3.3ರ ಹತ್ತಿರ ಬರುತ್ತದೆ. 4ಕೆಯಲ್ಲಿ ಪಿಕ್ಸೆಲ್‌ಗಳು ನಾಲ್ಕು ಪಟ್ಟು, ಹಾಗಾಗಿ 60 ಹರ್ಟ್ಸ್‌ಗೆ ಹನ್ನೆರಡೂವರೆ ದಾಟುತ್ತದೆ. ನನ್ನ ಹತ್ತಿರ ಇದ್ದದ್ದು ಡಿಸ್‌ಪ್ಲೇಪೋರ್ಟ್ 1.2ರ ಎರಡು ಲೇನ್, ಅಂದರೆ 8.64! ಅದಕ್ಕೇ ಮಾನಿಟರ್ 30ಕ್ಕೆ ಇಳಿದು ಆರೂಕಾಲರಷ್ಟು ಹಿಡಿದುಕೊಂಡಿತ್ತು. ಉಳಿದದ್ದರಲ್ಲಿ ಇನ್ನೊಂದಕ್ಕೆ ಬೇಕಾದ 3.3 ಎಲ್ಲಿಂದ ಬರಬೇಕು?

ಪರಿಹಾರಕ್ಕೆ ಹಣ ಖರ್ಚಾಗಲಿಲ್ಲ. 4ಕೆ ಮಾನಿಟರನ್ನು ಡಾಕ್‌ನಿಂದ ಬಿಡಿಸಿ ಲ್ಯಾಪ್‌ಟಾಪಿನದೇ ಎಚ್‌ಡಿಎಂಐಗೆ ಹಾಕಿದೆ. ಅದು ಬೇರೆಯೇ ತೂಬು. ಅದೃಷ್ಟಕ್ಕೆ ಎಚ್‌ಡಿಎಂಐ 2.0 ಆಗಿತ್ತು, 1.4 ಆಗಿದ್ದರೆ ಅಲ್ಲೂ 4ಕೆ 30ರಲ್ಲೇ ನಿಲ್ಲುತ್ತಿತ್ತು. ಹಳೆಯ ಮಾನಿಟರ್ ಡಾಕ್‌ನಲ್ಲೇ ಉಳಿಯಿತು. ಬಾಣ ಈಗ ನೀರಿನ ಹಾಗೆ ಹರಿಯುತ್ತದೆ.

ಒಂದೇ ಡಿಸ್‌ಪ್ಲೇಪೋರ್ಟ್ ಹರಿವನ್ನು ಹಲವು ಮಾನಿಟರ್‌ಗಳಿಗೆ ಹಂಚುವ ವಿಧಾನಕ್ಕೆ ಎಂಎಸ್‌ಟಿ ಎಂದು ಹೆಸರು. 2010ರಲ್ಲಿ ಡಿಸ್‌ಪ್ಲೇಪೋರ್ಟ್ 1.2 ಜೊತೆ ಬಂದದ್ದು. ಮ್ಯಾಕ್ ಬಳಸುವವರು ಇಲ್ಲಿ ವಿಶೇಷವಾಗಿ ಗಮನಿಸಬೇಕು: ಮ್ಯಾಕ್‌ಒಎಸ್ ಎಂಎಸ್‌ಟಿ ಮೂಲಕ ಪರದೆಯನ್ನು ವಿಸ್ತರಿಸಲು ಬಿಡುವುದಿಲ್ಲ. ವಿಂಡೋಸ್‌ನಲ್ಲಿ ಎರಡು ಬೇರೆ ಪರದೆ ಕೊಡುವ ಅದೇ ಡಾಕ್ ಮ್ಯಾಕ್‌ನಲ್ಲಿ ಎರಡೂ ಮಾನಿಟರ್‌ಗೆ ಒಂದೇ ಚಿತ್ರ ಕೊಡುತ್ತದೆ. ಅವರಿಗೆ ಅದೇ ಆಕಾರದ ಪೋರ್ಟಿನಲ್ಲಿ ಇನ್ನೂ ವೇಗವಾಗಿ ಓಡುವ ಥಂಡರ್‌ಬೋಲ್ಟ್ ಡಾಕ್ ಸರಿ. ಅದರಲ್ಲೂ ಚಿಪ್‌ನ ಮಿತಿ ಬಿಡದು. 2020ರ ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್ ಎಂಥ ಡಾಕ್ ತಂದರೂ ತಾನಾಗಿ ನಡೆಸುವುದು ಒಂದೇ ಹೊರ ಮಾನಿಟರ್. ಎಂ3 ಏರ್ ಮುಚ್ಚಳ ಮುಚ್ಚಿದರೆ ಎರಡನ್ನು ನಡೆಸುತ್ತದೆ. ಎಂ4 ಏರ್‌ಗೆ ಮುಚ್ಚಳ ತೆರೆದಿದ್ದರೂ ಎರಡು ಸಾಧ್ಯ.

ಈ ಮಿತಿಯನ್ನು ತಪ್ಪಿಸಿಕೊಂಡು ಹೋಗುವ ದಾರಿ ಡಿಸ್‌ಪ್ಲೇಲಿಂಕ್. ಇದರಲ್ಲಿ ಡ್ರೈವರ್ ತಂತ್ರಾಂಶ ಪರದೆಯ ಚಿತ್ರವನ್ನು ಅದುಮಿ ಸಾಮಾನ್ಯ ಯುಎಸ್‌ಬಿ ಡೇಟಾ ಮಾಡಿ ಕಳಿಸುತ್ತದೆ, ಡಾಕ್‌ನಲ್ಲಿರುವ ಚಿಪ್ ಅದನ್ನು ಮತ್ತೆ ಚಿತ್ರ ಮಾಡುತ್ತದೆ. ಬರವಣಿಗೆ, ಸ್ಪ್ರೆಡ್‌ಶೀಟ್, ಕೋಡ್‌ಗೆ ಧಾರಾಳ ಸಾಕು. ಗೇಮ್‌ಗೆ, ವಿಡಿಯೊ ಎಡಿಟಿಂಗ್‌ಗೆ ನಾನು ಬೇಡ ಎನ್ನುತ್ತೇನೆ, ಪ್ರೊಸೆಸರ್ ಮೇಲೆ ಭಾರ ಬೀಳುತ್ತದೆ. ಮ್ಯಾಕ್‌ನಲ್ಲಿ ಇದಕ್ಕೆ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಕೊಡಬೇಕು. ಅದನ್ನು ನೋಡಿ ಗಾಬರಿಯಾಗಬೇಡಿ.

ಕೊನೆಗೆ ಕೇಬಲ್. ಫೋನ್ ಚಾರ್ಜರ್ ಜೊತೆ ಬರುವ ಎಷ್ಟೋ ಯುಎಸ್‌ಬಿ-ಸಿ ಕೇಬಲ್‌ಗಳ ಒಳಗೆ ಯುಎಸ್‌ಬಿ 2.0 ತಂತಿಗಳಷ್ಟೇ ಇರುತ್ತವೆ, ಆ ನಾಲ್ಕು ಲೇನ್‌ಗಳೇ ಇರುವುದಿಲ್ಲ. ಲ್ಯಾಪ್‌ಟಾಪ್ ಚಾರ್ಜ್ ಆಗುತ್ತದೆ, ಕೀಬೋರ್ಡ್ ಕೆಲಸ ಮಾಡುತ್ತದೆ, ಮಾನಿಟರ್ ಮಾತ್ರ ಕಪ್ಪು. ಹಾಗಾದಾಗ ಡ್ರೈವರ್ ಹುಡುಕುತ್ತ ಕೂರುವ ಮೊದಲು ಡಾಕ್ ಜೊತೆ ಬಂದ ಕೇಬಲ್ಲನ್ನೇ ಹಾಕಿ ನೋಡಿ.